ಯಂತ್ರಗಳ ವಿಶ್ವಾಸಾರ್ಹತೆ: ಲೆಕ್ಕದಲ್ಲಿ ಕಾಣದ ನಷ್ಟ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರೆಸ್ಟ್ ಗೇಟು, ಚೈನಿನ ಕೊಂಡಿ ತುಂಡಾಗಿ ಕೊಚ್ಚಿಹೋದುದನ್ನು ನಮ್ಮ ಭಾಗದ ವರ್ತಕರು ಮರೆತಿರಲಾರರು. ಗೇಟುಗಳು ಒಟ್ಟು 33, ಕೆಟ್ಟದ್ದು ಒಂದೇ. ಎಂಜಿನಿಯರುಗಳು ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಗೇಟನ್ನು ಅಳವಡಿಸುವವರೆಗೆ ಎಡದಂಡೆ ಕಾಲುವೆಯನ್ನು ನಂಬಿದ ಸಿಂಧನೂರು ಸೀಮೆಯ ಬೆಳೆಗಾರರೂ ಅಕ್ಕಿ ಗಿರಣಿಗಳ ಮಾಲೀಕರೂ ಆತಂಕದಲ್ಲಿದ್ದರು. ಸಣ್ಣ ಭಾಗದ ವೈಫಲ್ಯದ ಬೆಲೆಯನ್ನು ಆ ಭಾಗದ ಬೆಲೆಯಿಂದ ಅಳೆಯಲಾಗದು ಎಂಬುದೇ ಇದರ ಪಾಠ.

ನಮ್ಮ ಗಿರಣಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಉದಾಹರಣೆಗೆ, ಎಲಿವೇಟರಿನ 1,500 ರೂ. ಬೆಲೆಯ ಬೇರಿಂಗು ಕೆಟ್ಟು ಗಿರಣಿ 10 ಗಂಟೆ ನಿಂತಿತೆನ್ನೋಣ. ಗಂಟೆಗೆ 2 ಟನ್ ಭತ್ತ ಅರೆದು, ಬದಲಾಗುವ ವೆಚ್ಚ ಕಳೆದು ಟನ್ನಿಗೆ 600 ರೂ. ಉಳಿಯುವುದಾದರೆ, ಕೈತಪ್ಪಿದ ಆದಾಯ 12,000 ರೂ. ದುರಸ್ತಿ ಖಾತೆಯಲ್ಲಿ ಕಾಣುವುದು 1,500 ಮಾತ್ರ. ಕೆಲಸ ಕಡಿಮೆಯಿರುವ ತಿಂಗಳಲ್ಲಿ ಈ ನಷ್ಟವನ್ನು ತುಂಬಿಕೊಳ್ಳಬಹುದು. ಮುಕ್ಕುಂದದಂತಹ ಹೊಳೆದಂಡೆಯ ಊರುಗಳಿಂದಲೂ ಕಾಲುವೆ ಕೆಳಗಿನ ಹಳ್ಳಿಗಳಿಂದಲೂ ಭತ್ತ ಒಮ್ಮೆಲೇ ಬರುವ ಸುಗ್ಗಿಯಲ್ಲಿ ಅದು ಸಾಧ್ಯವಿಲ್ಲ.

ಆದುದರಿಂದ ಪ್ರತಿ ಯಂತ್ರಕ್ಕೂ ಒಂದು ನಿಲುಗಡೆ ಪುಸ್ತಕವಿರಲಿ. ಯಂತ್ರ ನಿಂತ ವೇಳೆ, ಕಾರಣ, ಬದಲಿಸಿದ ಭಾಗ, ಮತ್ತೆ ಚಾಲೂ ಆದ ವೇಳೆ ಎಂಬ ನಾಲ್ಕು ಕಲಮುಗಳು ಸಾಕು. ಯಂತ್ರವು 480 ಗಂಟೆ ಓಡಿ, 6 ಬಾರಿ ಕೆಟ್ಟು, ದುರಸ್ತಿಗೆ 24 ಗಂಟೆ ಹಿಡಿದಿದ್ದರೆ, ಸರಾಸರಿ 80 ಗಂಟೆಗೊಮ್ಮೆ ಕೆಟ್ಟು, ಪ್ರತಿ ಬಾರಿ 4 ಗಂಟೆ ನಿಂತಿದೆ. ಲಭ್ಯತೆ ಸುಮಾರು ಶೇ. 95. ಒಂದೇ ಕಾರಣ ಮರುಕಳಿಸಿದರೆ ಭಾಗವನ್ನು ಬದಲಿಸಿದರಷ್ಟೇ ಸಾಲದು. ಗ್ರೀಸಿನ ಕೊರತೆಯೋ, ಹೊಟ್ಟಿನ ಧೂಳೋ, ಬೆಲ್ಟಿನ ಅತಿಬಿಗಿತವೋ ಎಂದು ಎಂಜಿನಿಯರು ಮೂಲವನ್ನು ಹುಡುಕಬೇಕು. ಶೆಲ್ಲರಿನ ಎರಡು ರಬ್ಬರ್ ರೋಲುಗಳಲ್ಲಿ ವೇಗವಾಗಿ ತಿರುಗುವುದು ಬೇಗ ಸವೆಯುತ್ತದೆ. ಅವುಗಳನ್ನು ಸಕಾಲದಲ್ಲಿ ಅದಲುಬದಲು ಮಾಡಿದರೆ ಬಾಳಿಕೆ ಹೆಚ್ಚುತ್ತದೆ.

ತೆರಿಗೆಯ ದೃಷ್ಟಿಯನ್ನೂ ಗಮನಿಸಬೇಕು. ಇರುವ ಯಂತ್ರವನ್ನು ಸುಸ್ಥಿತಿಯಲ್ಲಿಡುವ ದುರಸ್ತಿ ಸಾಮಾನ್ಯವಾಗಿ ಆ ವರ್ಷದ ಖರ್ಚಾಗುತ್ತದೆ. ಇಡೀ ಯಂತ್ರವನ್ನೇ ಬದಲಿಸಿದರೆ ಅದು ಚಾಲ್ತಿ ದುರಸ್ತಿಯಲ್ಲವೆಂದು ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ತೀರ್ಪಿತ್ತಿದೆ.

ವರ್ಷಾಂತ್ಯದಲ್ಲಿ ದುರಸ್ತಿ ವೆಚ್ಚ ಕಡಿಮೆಯಾಯಿತೆಂದು ಸಂತೋಷಪಡುವ ಮುನ್ನ ಮಾಲೀಕರು ನಿಲುಗಡೆ ಪುಸ್ತಕವನ್ನೊಮ್ಮೆ ತೆರೆದು ನೋಡುವುದು ಲೇಸು. ಉಳಿತಾಯವೆಂದು ತೋರಿದ್ದು ಅಲ್ಲಿ ನಷ್ಟವಾಗಿ ಕಂಡೀತು.