ಪ್ಯಾರಿಸ್ ನಗರದ ವಿಧಿನಿಯಮಗಳು: ಪ್ರವಾಸಿಗನು ಅರಿತಿರಬೇಕಾದ ಕೆಲವು ಸಂಗತಿಗಳು

ಪರದೇಶಕ್ಕೆ ಹೊರಟವನು ಅಲ್ಲಿನ ಇತಿಹಾಸವನ್ನೂ ಕಲಾಸಂಪತ್ತನ್ನೂ ಕುರಿತು ನಾಲ್ಕು ಪುಸ್ತಕಗಳನ್ನು ಓದಿಕೊಂಡು ಹೋಗುವುದು ವಾಡಿಕೆ. ಆದರೆ ಅಲ್ಲಿನ ಬೀದಿಯಲ್ಲಿ ಹೇಗೆ ನಡೆಯಬೇಕು, ರೈಲನ್ನು ಹೇಗೆ ಹತ್ತಬೇಕು, ಯಾವ ಸ್ಥಳದಲ್ಲಿ ಏನನ್ನು ಮಾಡಲಾಗದು ಎಂಬುದನ್ನು ಮುಂಚಿತವಾಗಿ ತಿಳಿದುಕೊಂಡು ಹೋಗುವವರು ವಿರಳ. ವ್ಯಾಸಂಗಕ್ಕಾಗಿಯೋ ಉದ್ಯೋಗಕ್ಕಾಗಿಯೋ ಯುರೋಪಿಗೆ ತೆರಳುವ ಕನ್ನಡಿಗರೂ, ಅಲ್ಲಿ ನೆಲೆಸಿರುವ ಮಕ್ಕಳನ್ನು ನೋಡಿಬರಲು ಹೋಗುವ ವೃದ್ಧ ತಂದೆತಾಯಿಗಳೂ ಇಂದು ಹೆಚ್ಚಾಗಿದ್ದಾರೆ. ಅವರಲ್ಲಿ ಬಹುಮಂದಿ ಒಂದೆರಡು ದಿನವಾದರೂ ಫ್ರಾನ್ಸಿನ ರಾಜಧಾನಿಯಾದ ಪ್ಯಾರಿಸ್ ನಗರವನ್ನು ನೋಡಬಯಸುತ್ತಾರೆ. ಕಾನೂನನ್ನು ಅರಿಯದವನೆಂದು ಯಾರನ್ನೂ ಭಾವಿಸಲಾಗದು ಎಂಬುದು ಫ್ರೆಂಚ್ ನ್ಯಾಯಶಾಸ್ತ್ರದ ಒಂದು ಹಳೆಯ ಸೂತ್ರ. ಪರಸ್ಥಳದವನು, ಭಾಷೆ ಬಾರದವನು ಎಂಬ ಕಾರಣಕ್ಕೆ ಈ ಸೂತ್ರ ಸಡಿಲವಾಗುವುದಿಲ್ಲ. ಆದುದರಿಂದ ಆ ನಗರದ ಮುಖ್ಯ ನಿಯಮಗಳನ್ನೂ ಅವುಗಳ ಹಿಂದಿರುವ ಕಾರಣಗಳನ್ನೂ ಪರಿಶೀಲಿಸುವುದು ಉಪಯುಕ್ತವಾದೀತು.

ನಗರಾಡಳಿತದ ಹಿನ್ನೆಲೆ

ಪ್ಯಾರಿಸಿನ ನಗರಶಿಸ್ತಿಗೆ ಮೂರೂವರೆ ಶತಮಾನಗಳಿಗೂ ಮೀರಿದ ಚರಿತ್ರೆಯಿದೆ. ಹದಿನಾಲ್ಕನೆಯ ಲೂಯಿ ದೊರೆಯು 1667ರಲ್ಲಿ ನಗರದ ಪೊಲೀಸ್ ವ್ಯವಸ್ಥೆಗೆಂದೇ ಪ್ರತ್ಯೇಕ ಅಧಿಕಾರಿಯೊಬ್ಬನನ್ನು ನೇಮಿಸಿದನು. ಲಾ ರೇನಿ ಎಂಬ ಹೆಸರಿನ ಆ ಅಧಿಕಾರಿಯ ಕೆಲಸ ಕಳ್ಳರನ್ನು ಹಿಡಿಯುವುದಷ್ಟೇ ಆಗಿರಲಿಲ್ಲ. ಬೀದಿದೀಪಗಳನ್ನು ಹಾಕಿಸುವುದೂ ಕೆಸರು ತುಂಬಿದ ಬೀದಿಗಳನ್ನು ಶುಚಿಯಾಗಿಡಿಸುವುದೂ ಅವನ ಕರ್ತವ್ಯವಾಗಿತ್ತು. 1800ರಲ್ಲಿ ನೆಪೋಲಿಯನ್ನನ ಆಡಳಿತವು ‘ಪ್ರಿಫೆಕ್ಟ್’ ಎಂಬ ಪೊಲೀಸ್ ಮುಖ್ಯಾಧಿಕಾರಿಯ ಹುದ್ದೆಯನ್ನು ನಿರ್ಮಿಸಿತು. ಆ ಹುದ್ದೆ ಇಂದಿಗೂ ಉಳಿದುಬಂದಿದೆ. ಚುನಾಯಿತ ಮೇಯರ್ ಈ ನಗರಕ್ಕೆ ಮರಳಿ ದೊರೆತದ್ದು 1977ರಲ್ಲಿ. ನಗರಸಭೆಯು ತನ್ನದೇ ಆದ ಪೊಲೀಸ್ ದಳವನ್ನು ರಚಿಸಿಕೊಂಡದ್ದು 2021ರಲ್ಲಿ. ಹೀಗೆ ಎರಡು ಅಧಿಕಾರಗಳು ಒಂದೇ ಬೀದಿಯ ಮೇಲೆ ಕಣ್ಣಿಟ್ಟಿರುವುದರಿಂದ, ಭಿನ್ನ ಭಿನ್ನ ಸಮವಸ್ತ್ರದವರು ದಂಡ ವಿಧಿಸುವುದನ್ನು ಕಂಡು ಪ್ರವಾಸಿಗನು ಗೊಂದಲಗೊಳ್ಳಬೇಕಾಗಿಲ್ಲ.

ನಿಯಮವೊಂದು ಜನಜೀವನದಲ್ಲಿ ಎಷ್ಟು ಆಳವಾಗಿ ಬೇರೂರಬಲ್ಲುದೆಂಬುದಕ್ಕೆ ಒಂದು ಸ್ವಾರಸ್ಯಕರ ನಿದರ್ಶನವಿದೆ. ಮನೆಮನೆಯ ಕಸವನ್ನು ಮುಚ್ಚಳವುಳ್ಳ ಪಾತ್ರೆಗಳಲ್ಲಿಯೇ ಇರಿಸಬೇಕೆಂದು 1883-84ರಲ್ಲಿ ಆಜ್ಞೆ ಹೊರಡಿಸಿದ ಅಧಿಕಾರಿಯ ಹೆಸರು ಯೂಜೀನ್ ಪೂಬೆಲ್. ಆಗ ಆ ಆಜ್ಞೆಯನ್ನು ವಿರೋಧಿಸಿದವರಿದ್ದರು. ಇಂದು ಫ್ರೆಂಚ್ ಭಾಷೆಯಲ್ಲಿ ಕಸದ ಡಬ್ಬಿಗೆ ‘ಪೂಬೆಲ್’ ಎಂದೇ ಹೆಸರು.

ದಂಡದ ತರತಮ

ಫ್ರಾನ್ಸಿನಲ್ಲಿ ಸಣ್ಣ ಅಪರಾಧಗಳನ್ನು ಐದು ವರ್ಗಗಳಾಗಿ ವಿಂಗಡಿಸಲಾಗಿದೆ. ನ್ಯಾಯಾಲಯವು ವಿಧಿಸಬಹುದಾದ ಗರಿಷ್ಠ ದಂಡ ಮೊದಲನೆಯ ವರ್ಗಕ್ಕೆ 38 ಯೂರೋ, ಎರಡನೆಯದಕ್ಕೆ 150, ಮೂರನೆಯದಕ್ಕೆ 450, ನಾಲ್ಕನೆಯದಕ್ಕೆ 750, ಐದನೆಯದಕ್ಕೆ 1500 ಯೂರೋ. ಆದರೆ ಪ್ರತಿಯೊಂದು ಚಿಕ್ಕ ತಪ್ಪಿಗೂ ನ್ಯಾಯಾಲಯದ ಮೆಟ್ಟಿಲು ಹತ್ತುವುದು ಕಾರ್ಯಸಾಧ್ಯವಲ್ಲವಾದ್ದರಿಂದ ನಿಗದಿತ ದಂಡದ ಪದ್ಧತಿ ಬಳಕೆಯಲ್ಲಿದೆ. ಈ ಕ್ರಮದಲ್ಲಿ ಎರಡನೆಯ ವರ್ಗಕ್ಕೆ 35 ಯೂರೋ, ಮೂರನೆಯದಕ್ಕೆ 68, ನಾಲ್ಕನೆಯದಕ್ಕೆ 135 ಯೂರೋ ಸಲ್ಲುತ್ತದೆ. ಪ್ರವಾಸಿಗನು ಎದುರಿಸಬಹುದಾದ ದಂಡಗಳಲ್ಲಿ ಹೆಚ್ಚಿನವು ಈ 135 ಯೂರೋಗಳ ವರ್ಗಕ್ಕೇ ಸೇರಿರುವುದು ಗಮನಾರ್ಹ.

ಈ ತರತಮದಲ್ಲಿ ಒಂದು ವಿವೇಕ ಅಡಗಿದೆ. ಪಾದಚಾರಿಯು 50 ಮೀಟರಿನೊಳಗೆ ಪಟ್ಟೆದಾರಿಯಿದ್ದರೂ ಅದನ್ನು ಬಿಟ್ಟು ಬೇರೆಡೆ ರಸ್ತೆ ದಾಟಿದರೆ ಅವನಿಗೆ ವಿಧಿಸಬಹುದಾದ ನಿಗದಿತ ದಂಡ ಕೇವಲ 4 ಯೂರೋ. ಅದೇ ಮನುಷ್ಯನು ಸೈಕಲ್ಲನ್ನೇರಿ ಕೆಂಪುದೀಪವನ್ನು ಲೆಕ್ಕಿಸದೆ ಹೋದರೆ ದಂಡ 135 ಯೂರೋ. ಮೊದಲನೆಯ ತಪ್ಪಿನಲ್ಲಿ ಅಪಾಯ ಮುಖ್ಯವಾಗಿ ಅವನಿಗೇ; ಎರಡನೆಯದರಲ್ಲಿ ಅಪಾಯ ಇತರರಿಗೂ ಹಬ್ಬುತ್ತದೆ. ಸೈಕಲ್ ತುಳಿಯುವಾಗ ಕೈಯಲ್ಲಿ ಫೋನ್ ಹಿಡಿದಿರುವುದು, ಕಿವಿಗೆ ಶ್ರವಣಸಾಧನ ಸಿಕ್ಕಿಸಿಕೊಂಡು ಸಂಗೀತ ಕೇಳುವುದು ಕೂಡ ಇದೇ 135 ಯೂರೋಗಳ ಅಪರಾಧಗಳು.

ಮೆಟ್ರೋ ರೈಲಿನಲ್ಲಿ

ಪ್ಯಾರಿಸ್ ಮೆಟ್ರೋ 1900ರ ಜುಲೈ 19ರಂದು ಆರಂಭವಾಯಿತು. 300ಕ್ಕೂ ಹೆಚ್ಚು ನಿಲ್ದಾಣಗಳುಳ್ಳ ಈ ಜಾಲವೇ ಪ್ರವಾಸಿಗನ ನಿತ್ಯವಾಹನವಾದುದರಿಂದ, ಅವನು ದಂಡಕ್ಕೆ ಗುರಿಯಾಗುವ ಸಂಭವವೂ ಇಲ್ಲಿಯೇ ಅಧಿಕ. ಟಿಕೆಟ್ ಕೊಳ್ಳದೆ ಪ್ರಯಾಣಿಸುವವನು ದಂಡ ತೆರುವುದು ಎಲ್ಲೆಡೆಯೂ ಇರುವ ನ್ಯಾಯ. ಆದರೆ ಇಲ್ಲಿ ಟಿಕೆಟ್ಟಿಗೆ ಹಣ ತೆತ್ತವನೂ ಅರಿವಿನ ಕೊರತೆಯಿಂದ ದಂಡ ತೆರಬೇಕಾಗಬಹುದು. ಈ ಕಾರಣದಿಂದ ಕೆಲವು ಅಂಶಗಳನ್ನು ಮನದಟ್ಟು ಮಾಡಿಕೊಳ್ಳುವುದು ಅವಶ್ಯಕ.

ಮೊದಲನೆಯದಾಗಿ, ಪ್ರವೇಶದ್ವಾರದ ಯಂತ್ರದಲ್ಲಿ ಟಿಕೆಟ್ಟನ್ನು ಊರ್ಜಿತಗೊಳಿಸಿದ ಮೇಲೆ ಅದನ್ನು ಎಸೆಯಬಾರದು. ನಿಲ್ದಾಣದ ಹೊರದಾರಿಯಲ್ಲಿ ಟಿಕೆಟ್ಟಿನ ಮಾನ್ಯತೆ ಮುಗಿಯುವ ಗಡಿಯನ್ನು ಸೂಚಿಸುವ ಫಲಕವಿರುತ್ತದೆ. ಅಲ್ಲಿಯವರೆಗೂ ಅದು ಪ್ರಯಾಣಿಕನ ಬಳಿ ಇರಲೇಬೇಕು. ತಪಾಸಣೆಗಾರರು ಇಂತಹ ಹೊರದಾರಿಗಳ ತಿರುವಿನಲ್ಲಿಯೇ ನಿಂತಿರುವುದುಂಟು.

ಎರಡನೆಯದಾಗಿ, 2025ರ ಜನವರಿ 1ರಂದು ದರಪದ್ಧತಿ ಬದಲಾಯಿತು. ಮೆಟ್ರೋ ಹಾಗೂ ರೈಲುಗಳಿಗೆ ಒಂದು ಟಿಕೆಟ್ಟು, ಬಸ್ಸು ಹಾಗೂ ಟ್ರಾಮುಗಳಿಗೆ ಇನ್ನೊಂದು ಟಿಕೆಟ್ಟು ಎಂಬ ವಿಂಗಡಣೆ ಅಂದಿನಿಂದ ಜಾರಿಗೆ ಬಂದಿತು. ಆ ವರ್ಷ ಮೊದಲನೆಯದರ ಬೆಲೆ 2.50 ಯೂರೋ, ಎರಡನೆಯದರದು 2 ಯೂರೋ ಇದ್ದಿತು. ವಿಮಾನನಿಲ್ದಾಣಗಳಿಗೆ ರೈಲಿನಲ್ಲಿ ಹೋಗಲು ಬೇರೆಯೇ ಟಿಕೆಟ್ಟು ಬೇಕು. ಅದರ ಬೆಲೆ ಅದೇ ವರ್ಷ 13 ಯೂರೋ ಇದ್ದಿತು. ಮೆಟ್ರೋ ಟಿಕೆಟ್ಟಿನಿಂದಲೇ ವಿಮಾನನಿಲ್ದಾಣದವರೆಗೆ ಸಾಗಿದವನು, ಟಿಕೆಟ್ಟು ಕೊಂಡವನಾದರೂ ನಿಯಮಭಂಗ ಮಾಡಿದವನೇ.

ಮೂರನೆಯದಾಗಿ, ಟಿಕೆಟ್ಟುಗಳನ್ನು ತುಂಬಿಸಿಕೊಳ್ಳುವ ‘ನಾವಿಗೊ ಈಸಿ’ ಕಾರ್ಡು ಪ್ರತಿಯೊಬ್ಬನಿಗೂ ಬೇರೆ ಬೇರೆಯಾಗಿರಬೇಕು. ಒಂದೇ ಕಾರ್ಡನ್ನು ಪತಿಪತ್ನಿಯರು ಒಬ್ಬರಾದ ಮೇಲೊಬ್ಬರು ಯಂತ್ರಕ್ಕೆ ತೋರಿಸಿ ಒಟ್ಟಿಗೆ ಪ್ರಯಾಣಿಸುವಂತಿಲ್ಲ. ವಾರದ ಪಾಸನ್ನು ಕೊಂಡವರು ಕಾರ್ಡಿನ ಮೇಲೆ ತಮ್ಮ ಭಾವಚಿತ್ರವನ್ನು ಅಂಟಿಸಿ ಹೆಸರನ್ನು ಬರೆದಿರಬೇಕು. ಭಾವಚಿತ್ರವಿಲ್ಲದ ಪಾಸು ದಂಡಕ್ಕೆ ಕಾರಣ. ಅಲ್ಲದೆ ಈ ಪಾಸು ಕೊಂಡ ದಿನದಿಂದ ಏಳು ದಿನ ನಡೆಯುವುದಲ್ಲ; ಸೋಮವಾರ ಆರಂಭವಾಗಿ ಭಾನುವಾರಕ್ಕೆ ಮುಗಿಯುತ್ತದೆ. ಗುರುವಾರ ಬಂದಿಳಿದವನು ಆ ವಾರದ ಪಾಸು ಕೊಂಡರೆ ಅವನಿಗೆ ದಕ್ಕುವುದು ನಾಲ್ಕೇ ದಿನ.

ಬೀದಿಯಲ್ಲಿ

ವಿದ್ಯುತ್ ಸ್ಕೂಟರುಗಳ ಕತೆ ಪ್ಯಾರಿಸಿನ ನಾಗರಿಕ ಜೀವನದ ಮೇಲೆ ಬೆಳಕು ಚೆಲ್ಲುತ್ತದೆ. ಬೀದಿಯಲ್ಲಿ ನಿಲ್ಲಿಸಿರುವುದನ್ನು ಬಾಡಿಗೆಗೆ ಪಡೆದು ನಿಂತು ಓಡಿಸುವ ಈ ವಾಹನಗಳು ಪ್ರವಾಸಿಗರಿಗೆ ಪ್ರಿಯವಾಗಿದ್ದವು. ವೃದ್ಧರಿಗೂ ಪಾದಚಾರಿಗಳಿಗೂ ಕಂಟಕವಾಗಿದ್ದವು. 2023ರ ಏಪ್ರಿಲ್ 2ರಂದು ನಗರಸಭೆಯು ಈ ಬಗ್ಗೆ ಜನಾಭಿಪ್ರಾಯ ಸಂಗ್ರಹಿಸಿತು. ಮತ ನೀಡಿದವರಲ್ಲಿ ನೂರಕ್ಕೆ 89 ಮಂದಿ ಅವು ಬೇಡವೆಂದರು. ಆದರೆ ಮತ ನೀಡಿದವರು ಒಟ್ಟು ಮತದಾರರಲ್ಲಿ ನೂರಕ್ಕೆ ಎಂಟು ಮಂದಿಗಿಂತ ಕಡಿಮೆ ಎಂಬುದನ್ನೂ ಮರೆಯಲಾಗದು. ಅದೇ ವರ್ಷದ ಸೆಪ್ಟೆಂಬರ್ ವೇಳೆಗೆ ಬಾಡಿಗೆ ಸ್ಕೂಟರುಗಳು ಬೀದಿಗಳಿಂದ ಮರೆಯಾದವು. ಸ್ವಂತ ಸ್ಕೂಟರನ್ನು ಓಡಿಸಲು ಅನುಮತಿಯುಂಟು. ಆದರೆ ಸವಾರನಿಗೆ 14 ವರ್ಷ ತುಂಬಿರಬೇಕು; ಕಾಲುದಾರಿಯ ಮೇಲೆ ಓಡಿಸುವುದೂ ಇಬ್ಬರು ಒಟ್ಟಿಗೆ ಏರುವುದೂ ನಿಷಿದ್ಧ.

ಕಾರನ್ನು ಬಾಡಿಗೆಗೆ ಪಡೆಯುವವರು ಎರಡು ಅಂಕಿಗಳನ್ನು ನೆನಪಿಡಬೇಕು. 2021ರ ಆಗಸ್ಟ್ 30ರಿಂದ ನಗರದ ಬಹುತೇಕ ಬೀದಿಗಳಲ್ಲಿ ವೇಗದ ಮಿತಿ ಗಂಟೆಗೆ 30 ಕಿಲೋಮೀಟರ್; ನಗರವನ್ನು ಸುತ್ತುವರಿದ ವರ್ತುಲ ಹೆದ್ದಾರಿಯಲ್ಲಿ 2024ರ ಅಕ್ಟೋಬರ್ 1ರಿಂದ 50 ಕಿಲೋಮೀಟರ್. ತಪ್ಪಿದವನ ವಿಳಾಸವನ್ನು ಕಾರಿನ ಮಾಲೀಕ ಸಂಸ್ಥೆಯು ಅಧಿಕಾರಿಗಳಿಗೆ ಒದಗಿಸುವುದರಿಂದ, ದಂಡದ ಪತ್ರವು ಅವನ ಸ್ವದೇಶದ ಮನೆಗೂ ಬಂದು ತಲುಪಬಹುದು.

ಧೂಮಪಾನ ಮತ್ತು ನೈರ್ಮಲ್ಯ

ಕಚೇರಿ ಮೊದಲಾದ ಮುಚ್ಚಿದ ಸಾರ್ವಜನಿಕ ಸ್ಥಳಗಳಲ್ಲಿ 2007ರಲ್ಲಿಯೂ, ಹೋಟೆಲು ಹಾಗೂ ಕಾಫಿಗೃಹಗಳ ಒಳಭಾಗದಲ್ಲಿ 2008ರಲ್ಲಿಯೂ ಧೂಮಪಾನವನ್ನು ನಿಷೇಧಿಸಲಾಯಿತು. 2025ರ ಜೂನ್ ತಿಂಗಳ ಕೊನೆಯಲ್ಲಿ ಈ ನಿಷೇಧವು ತೆರೆದ ಬಯಲಿಗೂ ವಿಸ್ತರಿಸಿತು. ಸಾರ್ವಜನಿಕ ಉದ್ಯಾನಗಳು, ಬಸ್ ತಂಗುದಾಣಗಳು, ಶಾಲೆ, ಗ್ರಂಥಾಲಯ, ಈಜುಕೊಳ ಹಾಗೂ ಕ್ರೀಡಾಂಗಣಗಳ ಆವರಣದ ಸುತ್ತಣ 10 ಮೀಟರಿನ ಪ್ರದೇಶ ಇವೆಲ್ಲ ಅದರ ವ್ಯಾಪ್ತಿಗೆ ಸೇರಿದವು. ದಂಡ 135 ಯೂರೋ. ಕಾಫಿಗೃಹಗಳ ಹೊರಜಗಲಿಗೆ ಈ ನಿಷೇಧ ಅನ್ವಯಿಸದಿರುವುದರಿಂದ, ಅಲ್ಲಿ ಸೇದುತ್ತಿರುವವರನ್ನು ಕಂಡು ಎದುರಿನ ಉದ್ಯಾನದಲ್ಲಿಯೂ ಸೇದಬಹುದೆಂದು ಎಣಿಸುವುದು ತಪ್ಪಾಗುತ್ತದೆ. ಮಕ್ಕಳು ಓದುವ, ಆಡುವ ಸ್ಥಳಗಳ ಸುತ್ತ ಹೊಗೆಯಿರಬಾರದೆಂಬ ಕಾಳಜಿಯೇ ಈ ನಿಯಮದ ತಿರುಳು.

ಸೇದಿ ಬಿಟ್ಟ ಸಿಗರೇಟಿನ ತುಂಡು, ಕಾಗದದ ಚೂರು ಯಾವುದನ್ನೇ ಆಗಲಿ ಬೀದಿಗೆ ಎಸೆದರೂ ದಂಡ 135 ಯೂರೋ. ಬೀದಿಯಲ್ಲಿ ಮೂತ್ರವಿಸರ್ಜನೆ ಮಾಡುವುದಕ್ಕೂ ಅಷ್ಟೇ. ರಾತ್ರಿ ವೇಳೆ ನೆರೆಹೊರೆಯವರ ನಿದ್ರೆಗೆ ಭಂಗ ತರುವಂತಹ ಗದ್ದಲಕ್ಕೆ 68 ಯೂರೋ. ಕುಟುಂಬದವರೆಲ್ಲ ಸೇರಿ ಬಾಡಿಗೆಯ ಮನೆಯಲ್ಲಿ ಇಳಿದುಕೊಂಡಾಗ ಈ ಕೊನೆಯ ಅಂಶ ನೆನಪಿನಲ್ಲಿರಬೇಕು.

ಉಡುಪಿಗೆ ಸಂಬಂಧಿಸಿದಂತೆ 2010ರ ಅಕ್ಟೋಬರ್ 11ರ ಶಾಸನವೊಂದಿದೆ. ಸಾರ್ವಜನಿಕ ಸ್ಥಳದಲ್ಲಿ ಮುಖವನ್ನು ಮರೆಮಾಡುವಂತಹ ಉಡುಪನ್ನು ಧರಿಸುವುದು ಅದರ ಪ್ರಕಾರ ನಿಷಿದ್ಧ. ದಂಡ 150 ಯೂರೋಗಳವರೆಗೆ. ಇದು ಪ್ರವಾಸಿಗರಿಗೂ ಅನ್ವಯಿಸುತ್ತದೆ. ಆರೋಗ್ಯದ ಕಾರಣಕ್ಕೆ ವಿನಾಯಿತಿಯುಂಟು.

ಸ್ಮಾರಕಗಳು, ನದಿ ಮತ್ತು ಸರಕು

ಸೇನ್ ನದಿಯ ಮೇಲಿನ ‘ಪೋಂ ದೇಜಾರ್’ ಎಂಬ ಕಾಲುಸೇತುವೆಯ ಕಟಕಟೆಗೆ ಪ್ರೇಮಿಗಳು ಬೀಗ ಹಾಕಿ ಕೀಲಿಯನ್ನು ನದಿಗೆಸೆಯುವ ರೂಢಿ ಬೆಳೆದಿತ್ತು. ಒಂದೊಂದು ಬೀಗದ ಭಾರ ಅತ್ಯಲ್ಪ. ಆದರೆ 2014ರ ಜೂನ್ ತಿಂಗಳಲ್ಲಿ ಆ ಭಾರಕ್ಕೆ ಕಟಕಟೆಯ ಒಂದು ಭಾಗ ಕುಸಿಯಿತು. ಮರುವರ್ಷ ನಗರಸಭೆಯು ತೆಗೆಸಿಹಾಕಿದ ಬೀಗಗಳ ತೂಕ ಸುಮಾರು 45 ಟನ್ನು. ಒಬ್ಬನ ಚಿಕ್ಕ ಉಲ್ಲಂಘನೆಯಿಂದ ಏನಾದೀತು ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ.

ಅದೇ ನದಿಯಲ್ಲಿ ಈಜುವುದನ್ನು 1923ರಲ್ಲಿ ನಿಷೇಧಿಸಲಾಗಿತ್ತು. ನೀರನ್ನು ಶುದ್ಧಗೊಳಿಸುವ ದೀರ್ಘ ಪ್ರಯತ್ನದ ತರುವಾಯ 2025ರ ಜುಲೈ 5ರಂದು ಮೂರು ಸ್ಥಳಗಳನ್ನು ಸಾರ್ವಜನಿಕರ ಈಜಿಗೆ ತೆರೆಯಲಾಯಿತು. ಗುರುತಿಸಿದ ಸ್ಥಳ, ಕಾಲಗಳ ಹೊರತು ನದಿಗಿಳಿಯುವುದು ಅಪರಾಧವೇ. ನಗರಸಭೆಯ ಈಜುಕೊಳಗಳಲ್ಲಿ ತಲೆಟೋಪಿಯೂ ಮೈಗಂಟಿದ ಈಜುಡುಪೂ ಕಡ್ಡಾಯ; ಸಡಿಲವಾದ ಚಡ್ಡಿ ತೊಟ್ಟು ಬಂದವನಿಗೆ ಪ್ರವೇಶವಿಲ್ಲ.

ಐಫೆಲ್ ಗೋಪುರದ ಸುತ್ತ ಪ್ರಸಿದ್ಧ ಸಂಸ್ಥೆಗಳ ಹೆಸರುಳ್ಳ ಕೈಚೀಲ, ಗಡಿಯಾರಗಳನ್ನು ಅಗ್ಗವಾಗಿ ಮಾರುವವರು ಕಾಣಸಿಗುತ್ತಾರೆ. ನಕಲಿ ಸರಕನ್ನು ಮಾರಿದವನಷ್ಟೇ ಅಲ್ಲ, ಕೊಂಡು ಇರಿಸಿಕೊಂಡವನೂ ಫ್ರೆಂಚ್ ಸುಂಕದ ಕಾನೂನಿನಂತೆ ತಪ್ಪಿತಸ್ಥ. ಸರಕು ಮುಟ್ಟುಗೋಲಾಗುವುದಲ್ಲದೆ, ದಂಡವನ್ನು ನಕಲಿಯ ಬೆಲೆಯ ಮೇಲಲ್ಲ, ಅಸಲಿಯ ಬೆಲೆಯ ಮೇಲೆ ಲೆಕ್ಕಹಾಕುತ್ತಾರೆ. ಇಪ್ಪತ್ತು ಯೂರೋ ಉಳಿತಾಯದ ಆಸೆ ಸಾವಿರ ಯೂರೋಗಳ ನಷ್ಟಕ್ಕೆ ದಾರಿಯಾಗಬಹುದು.

ದಂಡ ಬಿದ್ದಾಗ

ಎಲ್ಲ ಎಚ್ಚರವಿದ್ದೂ ದಂಡ ಬಿದ್ದರೆ ವಾದವಿವಾದಕ್ಕಿಂತ ಸಂಯಮ ಲೇಸು. ರೈಲಿನ ತಪಾಸಣೆಗಾರನಿಗೆ ಸ್ಥಳದಲ್ಲಿಯೇ ನಿಗದಿತ ಹಣ ಕಟ್ಟಿ ರಸೀದಿ ಪಡೆದರೆ ಪ್ರಕರಣ ಅಲ್ಲಿಗೇ ಮುಗಿಯುತ್ತದೆ. ತಡಮಾಡಿದರೆ ಮೊತ್ತ ಏರುತ್ತದೆ. ಸುಳ್ಳು ಹೆಸರು, ಸುಳ್ಳು ವಿಳಾಸ ಹೇಳುವುದು ಮೂಲ ತಪ್ಪಿಗಿಂತ ಗುರುತರವಾದ ಅಪರಾಧ. ನಾಲ್ಕನೆಯ ವರ್ಗದ ವಾಹನಸಂಚಾರದ ದಂಡವು ಸಾಮಾನ್ಯವಾಗಿ ಬೇಗ ಪಾವತಿಸಿದವನಿಗೆ 90 ಯೂರೋ, ಆಮೇಲೆ 135, ಅವಧಿ ಮೀರಿದವನಿಗೆ 375. ದಂಡ ಅನ್ಯಾಯವೆಂದು ಕಂಡರೆ ನಿಯತ ಅವಧಿಯೊಳಗೆ ಲಿಖಿತವಾಗಿ ಆಕ್ಷೇಪ ಸಲ್ಲಿಸುವ ಹಕ್ಕಿದೆ. ಆದರೆ ಹಣ ಕಟ್ಟುವುದೆಂದರೆ ತಪ್ಪನ್ನು ಒಪ್ಪಿಕೊಂಡಂತೆ. ಪರದೇಶಿಯನು ಪಾಸ್‌ಪೋರ್ಟನ್ನು ತೋರಿಸಲು ಸದಾ ಸಿದ್ಧನಾಗಿರಬೇಕು.

ನಿಯಮಗಳು ಪ್ರವಾಸಿಗನನ್ನು ಕಟ್ಟಿಹಾಕುವುದು ಮಾತ್ರವಲ್ಲ, ಕಾಪಾಡುವುದೂ ಉಂಟು. ಷಾರ್ಲ್ ದ ಗಾಲ್ ವಿಮಾನನಿಲ್ದಾಣದಿಂದ ನಗರಕ್ಕೆ ಟ್ಯಾಕ್ಸಿಯ ಬಾಡಿಗೆ 2016ರಿಂದ ಖಚಿತವಾಗಿ ನಿಗದಿಯಾಗಿದೆ. ದಾರಿ ದಟ್ಟಣೆಯ ನೆಪದಲ್ಲಿ ಹೆಚ್ಚು ಕೇಳುವಂತಿಲ್ಲ. ಉಪಾಹಾರಗೃಹದ ಬೆಲೆಪಟ್ಟಿಯಲ್ಲಿ ಸೇವಾಶುಲ್ಕ ಸೇರಿಯೇ ಇರುತ್ತದೆ. ಭಕ್ಷೀಸು ಕೊಡುವುದು ಐಚ್ಛಿಕ. ಊಟದ ಜೊತೆ ಹೂಜಿಯಲ್ಲಿ ಕುಡಿಯುವ ನಲ್ಲಿನೀರನ್ನು ಕೇಳಿದರೆ ಅದಕ್ಕೆ ಹಣ ವಿಧಿಸುವಂತಿಲ್ಲ.

ಈ ದಂಡವ್ಯವಸ್ಥೆಯಲ್ಲಿ ಒಂದು ಕಠೋರತೆ ಇಲ್ಲದಿಲ್ಲ. 135 ಯೂರೋ ಧನಿಕನಿಗೆ ಒಂದು ಹೊತ್ತಿನ ಊಟದ ಬೆಲೆ. ವಿದ್ಯಾರ್ಥಿವೇತನದಲ್ಲಿ ದಿನ ನೂಕುವ ಹುಡುಗನಿಗೆ ಅನೇಕ ದಿನಗಳ ಜೀವನೋಪಾಯ. ಮೊತ್ತ ಇಬ್ಬರಿಗೂ ಒಂದೇ ಆದುದರಿಂದ ಅರಿವಿಲ್ಲದಿರುವುದರ ಬೆಲೆಯನ್ನು ಹೆಚ್ಚಾಗಿ ತೆರುವವನು ಬಡವನೇ. ಮಕ್ಕಳನ್ನು ಪರದೇಶಕ್ಕೆ ಕಳುಹಿಸುವ ಹಿರಿಯರು ಹಣ, ಬಟ್ಟೆಬರೆಗಳ ಜೊತೆಗೆ ಈ ಅರಿವನ್ನೂ ಬುತ್ತಿಯಾಗಿ ಕಟ್ಟಿಕೊಟ್ಟರೆ ಅದು ವೆಚ್ಚವಿಲ್ಲದ ಉಪಕಾರ. ಶಾಲೆಯ ಭೂಗೋಳ, ಪೌರನೀತಿಗಳ ಪಾಠದಲ್ಲಿ ನಗರಗಳ ಹೆಸರಿನೊಡನೆ ಅಲ್ಲಿನ ಬಾಳಿನ ಕಟ್ಟಳೆಗಳನ್ನೂ ಉಪಾಧ್ಯಾಯರು ಪ್ರಸ್ತಾಪಿಸಿದರೆ, ಊರ ಬೀದಿಯಲ್ಲಿ ನಡೆಯುವಾಗಲೂ ವಿದ್ಯಾರ್ಥಿಗೆ ಅದು ಪ್ರಯೋಜನಕ್ಕೆ ಬರುತ್ತದೆ.