ಲಾರಿ ಅಂಗಳಕ್ಕೆ ಬರದಿದ್ದರೆ ಯಾರ ಹೊಣೆ?

ನಗರದೊಳಗೆ ಮನೆ ಬದಲಿಸುವವರ ಜಗಳ ಸಾಮಾನ್ಯವಾಗಿ ಗೀರು ಬಿದ್ದ ಫ್ರಿಜ್ಜು, ಕಾಣೆಯಾದ ರಟ್ಟಿನ ಪೆಟ್ಟಿಗೆಗಳ ಸುತ್ತ ಇರುತ್ತದೆ. ಮಲೆನಾಡು, ಕೊಡಗು, ಕರಾವಳಿಯ ಒಳಊರುಗಳಿಗೆ ಮರಳುವವರ ಜಗಳವೇ ಬೇರೆ. ಡಾಂಬರು ಮುಗಿದ ಕಡೆ ಲಾರಿ ನಿಲ್ಲುತ್ತದೆ. ಮುಂದೆ ಮಣ್ಣಿನ ಇಳಿಜಾರು, ಹಳೆಯ ಮೋರಿ, ಎರಡೂ ಬದಿ ತೋಟದ ಅಗಳು, ತಲೆಗೆ ತಾಗುವಂತೆ ಜೋತುಬಿದ್ದ ವಿದ್ಯುತ್ ತಂತಿ. ಚಾಲಕ ಇಳಿದು ನೋಡಿ, ತನ್ನ ಕಚೇರಿಗೆ ಫೋನು ಮಾಡುತ್ತಾನೆ. ಆಮೇಲೆ ಮಾತು ಬದಲಾಗುತ್ತದೆ: ಇನ್ನಿಷ್ಟು ಸಾವಿರ ಕೊಟ್ಟರೆ ಇಳಿಸುತ್ತೇವೆ, ಇಲ್ಲವಾದರೆ ಸಾಮಾನು ವಾಪಸ್ ಗೋದಾಮಿಗೆ. ಮಂಚ, ಪಾತ್ರೆ, ಮಕ್ಕಳ ಪುಸ್ತಕವೆಲ್ಲ ಲಾರಿಯ ಹೊಟ್ಟೆಯಲ್ಲಿರುವಾಗ ಯಾರಿಗೆ ತಾನೇ ವಾದ ಮಾಡುವ ಧೈರ್ಯ ಬರುತ್ತದೆ? ಹೆಚ್ಚಿನವರು ಕೇಳಿದಷ್ಟು ಕೊಟ್ಟು ಸುಮ್ಮನಾಗುತ್ತಾರೆ. ಸುಮ್ಮನಾಗಬೇಕಿಲ್ಲ.

ಸಾಮಾನು ಸಾಗಿಸುವವರು ಕಾನೂನಿನ ಕಣ್ಣಿನಲ್ಲಿ ಯಾರು ಎಂಬುದನ್ನು ಮೊದಲು ತಿಳಿಯೋಣ. 1865ರ ಹಳೆಯ ಕಾಯ್ದೆಯ ಜಾಗದಲ್ಲಿ ಬಂದ ರಸ್ತೆ ಸಾಗಣೆ ಕಾಯ್ದೆ, 2007, ಮಾರ್ಚ್ 2011ರಿಂದ ಜಾರಿಯಲ್ಲಿದೆ. ಬಾಡಿಗೆಗೆ ಎಲ್ಲರ ಸರಕನ್ನೂ ಸಾಗಿಸುವ ವ್ಯವಹಾರಸ್ಥರು ಇದರಡಿ ನೋಂದಣಿ ಮಾಡಿಸಿಕೊಳ್ಳಲೇಬೇಕು. ವ್ಯಾಖ್ಯೆ ವಿಶಾಲವಾಗಿದೆ. ಬುಕ್ಕಿಂಗ್ ಕಂಪನಿ, ಗುತ್ತಿಗೆದಾರ, ಏಜೆಂಟ್, ಬ್ರೋಕರ್ ಎಲ್ಲರೂ ಅದರೊಳಗೆ ಬರುತ್ತಾರೆ. ಇದನ್ನು ಒತ್ತಿ ಹೇಳಲು ಕಾರಣವಿದೆ. ಅಂತರ್ಜಾಲದಲ್ಲಿ ಸಿಗುವ ಎಷ್ಟೋ 'ಪ್ಯಾಕರ್ಸ್ ಅಂಡ್ ಮೂವರ್ಸ್' ಹೆಸರುಗಳ ಹಿಂದೆ ಒಂದು ಲಾರಿಯೂ ಇರುವುದಿಲ್ಲ; ಮುಂಗಡ ಪಡೆದು ಸಾಮಾನನ್ನು ಯಾವುದೋ ಲಾರಿಗೆ ಹತ್ತಿಸಿ ಕೈತೊಳೆದುಕೊಳ್ಳುತ್ತಾರೆ. ತೊಂದರೆಯಾದಾಗ 'ಲಾರಿಯವರನ್ನು ಕೇಳಿ' ಎನ್ನುತ್ತಾರೆ. ಹಣ ಪಡೆದು ಒಪ್ಪಂದ ಮಾಡಿಕೊಂಡವರು ಹಾಗೆ ಜಾರಿಕೊಳ್ಳಲಾಗದು. ಮುಂಗಡ ಕೊಡುವ ಮೊದಲು ನೋಂದಣಿ ಸಂಖ್ಯೆ, ಜಿಎಸ್‌ಟಿ ಸಂಖ್ಯೆ, ಕಚೇರಿಯ ಪೂರ್ತಿ ವಿಳಾಸ ಕೇಳಿ. ಜಿಎಸ್‌ಟಿ ಸಂಖ್ಯೆ ಯಾರ ಹೆಸರಿನಲ್ಲಿದೆ ಎಂಬುದನ್ನು ಜಿಎಸ್‌ಟಿ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ವಿಳಾಸ ಕೊಡಲು ಹಿಂದೇಟು ಹಾಕುವವರಿಗೆ ಮುಂದೆ ನೋಟಿಸ್ ಕಳಿಸುವುದು ಎಲ್ಲಿಗೆ ಎಂದು ಆಗಲೇ ಯೋಚಿಸಿ.

ಇನ್ನು ದಾರಿಯ ಮಾತು. ಇಂಥ ತಕರಾರುಗಳಲ್ಲಿ ಗೆಲುವು ಸೋಲು ತೀರ್ಮಾನವಾಗುವುದು 'ದಾರಿ ಹೀಗಿದೆ ಎಂದು ಅವರಿಗೆ ಮೊದಲೇ ಗೊತ್ತಿತ್ತೇ' ಎಂಬ ಒಂದೇ ಪ್ರಶ್ನೆಯ ಮೇಲೆ. ಫೋನಿನಲ್ಲಿ 'ರೋಡ್ ಇದೆಯಾ ಸಾರ್?' ಎಂದು ಅವರು ಕೇಳುತ್ತಾರೆ, 'ಇದೆ' ಎಂದು ನಾವು ಹೇಳುತ್ತೇವೆ. ನಮ್ಮ ಕಣ್ಣಿಗೆ ಅದು ಜೀಪು ದಿನಾ ಓಡಾಡುವ ದಾರಿ. ಹದಿನೇಳು ಅಡಿಯ ಕ್ಯಾಂಟರ್ ಓಡಿಸುವವನಿಗೆ ಅದು ದಾರಿಯೇ ಅಲ್ಲ. ಆದ್ದರಿಂದ ದರ ಕೇಳುವ ಮೊದಲೇ ಮುಖ್ಯರಸ್ತೆಯಿಂದ ಅಂಗಳದವರೆಗೆ ನಡೆದು ವಿಡಿಯೊ ಮಾಡಿ ಕಳಿಸಿ. ಅತಿ ಇಕ್ಕಟ್ಟಾದ ಕಡೆ ಎಷ್ಟು ಅಡಿ ಅಗಲ, ಗೇಟು ಎಷ್ಟು, ಮೋರಿಯ ಸ್ಥಿತಿ ಏನು, ತಿರುಗಿಸಲು ಜಾಗವಿದೆಯೇ ಅಥವಾ ಹಿಮ್ಮುಖವಾಗಿಯೇ ಹೋಗಬೇಕೇ, ಮಳೆ ಬಂದರೆ ಏನಾಗುತ್ತದೆ ಎಂಬುದನ್ನು ಬರೆದು ಕಳಿಸಿ. ಟೇಪು ಹಿಡಿದು ಅಳೆಯುವುದು ಅತಿಯೆನಿಸಬಹುದು. ಆದರೆ ಆ ಸಂದೇಶವೇ ನಾಳೆ ನಿಮ್ಮ ಮುಖ್ಯ ಸಾಕ್ಷಿ. ಉತ್ತರದಲ್ಲಿ ಅವರು 'ನೋಡಿದೆವು, ಇಷ್ಟು ದರ' ಎಂದರೆ, ದಾರಿ ಕಷ್ಟವೆಂದು ಕೊನೆ ಗಳಿಗೆಯಲ್ಲಿ ದರ ಏರಿಸಲು ಅವರಿಗೆ ಆಧಾರ ಉಳಿಯುವುದಿಲ್ಲ.

ಒಪ್ಪಂದದ ಹಾಳೆಯಲ್ಲಿ 'ಡೋರ್ ಡೆಲಿವರಿ' ಎಂದಷ್ಟೇ ಇದ್ದರೆ ಸಾಲದು. 'ಮನೆಯೊಳಗೆ ಇಳಿಸುವವರೆಗೆ' ಎಂದು ಬರೆಸಿ. ದೊಡ್ಡ ಲಾರಿ ಹೋಗದ ಕಡೆಯಿಂದ ಪಿಕಪ್ ಅಥವಾ ಟಾಟಾ ಏಸ್‌ನಲ್ಲಿ ಎರಡನೇ ಸಾಗಣೆ ಯಾರು ಮಾಡಬೇಕು, ಅದರ ದರ ಎಷ್ಟು, ಕಾಲುಸಂಕ ದಾಟಿಸಿ ಹೊತ್ತು ತರಲು ಹಮಾಲಿ ಯಾರದು, ಮಳೆಯಿಂದ ಒಂದು ದಿನ ತಡವಾದರೆ ಲಾರಿಯ ಕಾಯುವ ಬಾಡಿಗೆ ಯಾರ ತಲೆಗೆ, ಇಷ್ಟಕ್ಕೂ ಉತ್ತರ ಅಲ್ಲಿರಲಿ. ನನ್ನ ಅಭಿಪ್ರಾಯ ಕೇಳಿದರೆ, ಎರಡನೇ ಸಾಗಣೆಗೆ ಪ್ರತ್ಯೇಕ ದರ ಬರೆದುಕೊಡುವ ಕಂಪನಿಯೇ ವಾಸಿ. ಎಲ್ಲ ಸೇರಿ ಇಷ್ಟೇ ಎಂದು ಅತಿ ಕಡಿಮೆ ಹೇಳುವವರು ಉಳಿದದ್ದನ್ನು ತಿರುವಿನಲ್ಲಿ ವಸೂಲು ಮಾಡುತ್ತಾರೆ.

ಅಷ್ಟಾದರೂ ಲಾರಿ ತಿರುವಿನಲ್ಲಿ ನಿಂತು ಹೆಚ್ಚುವರಿ ಕೇಳಿತು ಅನ್ನೋಣ. 1872ರ ಭಾರತೀಯ ಕರಾರು ಕಾಯ್ದೆ ಇಲ್ಲಿ ಸಹಾಯಕ್ಕೆ ಬರುತ್ತದೆ. ದುಡಿಮೆ ಮಾಡಿದವನಿಗೆ ಸಲ್ಲಬೇಕಾದ ಕೂಲಿ ಕೊಡುವ ತನಕ ಆ ವಸ್ತುವನ್ನು ತಡೆದಿಟ್ಟುಕೊಳ್ಳುವ ಹಕ್ಕನ್ನು ಕಲಂ 170 ಕೊಡುತ್ತದೆ, ನಿಜ. ಒಪ್ಪಿದ ಬಾಡಿಗೆಯ ಬಾಕಿ ಉಳಿಸಿಕೊಂಡು 'ಸಾಮಾನು ಕೊಡಿ' ಎಂದರೆ ಕಾನೂನು ನಿಮ್ಮ ಪರ ನಿಲ್ಲದು. ಆದರೆ ಒಪ್ಪಿದ ಬಾಕಿಯನ್ನು ಕೊಡಲು ನೀವು ಸಿದ್ಧರಿದ್ದೂ, ಹೊಸದಾಗಿ ಹುಟ್ಟಿದ ಮೊತ್ತಕ್ಕಾಗಿ ಸಾಮಾನು ತಡೆದರೆ ಆ ಹಕ್ಕು ಅಲ್ಲಿಗೆ ಮುಗಿಯಿತು. ಆಸ್ತಿಯನ್ನು ಅಕ್ರಮವಾಗಿ ತಡೆದು ಒಪ್ಪಿಗೆ ಪಡೆಯುವುದನ್ನು ಕಲಂ 15 ಬಲವಂತ ಎನ್ನುತ್ತದೆ. ಬಲವಂತಕ್ಕೆ ಕೊಟ್ಟ ಹಣವನ್ನು ಹಿಂದಿರುಗಿಸಬೇಕೆಂದು ಕಲಂ 72 ಹೇಳುತ್ತದೆ. ಆ ಕಲಮಿನ ಕೆಳಗೆ ಶಾಸನವೇ ಕೊಟ್ಟಿರುವ ಉದಾಹರಣೆ ನೋಡಿ: ರೈಲ್ವೆ ಕಂಪನಿಯೊಂದು ಅಕ್ರಮ ಶುಲ್ಕ ಕೊಡದೆ ಸರಕು ಬಿಡುವುದಿಲ್ಲವೆಂದು ಹಟ ಹಿಡಿಯುತ್ತದೆ, ಸರಕು ಬಿಡಿಸಿಕೊಳ್ಳಲು ಮಾಲೀಕ ಅದನ್ನು ಕೊಡುತ್ತಾನೆ, ಅಕ್ರಮವಾಗಿ ಹೆಚ್ಚು ವಸೂಲಾದಷ್ಟನ್ನು ಅವನು ಹಿಂಪಡೆಯಬಹುದು. ರೈಲಿನ ಜಾಗದಲ್ಲಿ ಲಾರಿ ಇಟ್ಟರೆ ಇದು ನಮ್ಮದೇ ಕಥೆ.

ಹಾಗಾಗಿ ಕತ್ತಲಾಗುತ್ತಿರುವಾಗ ಹೋರಾಟಕ್ಕೆ ನಿಲ್ಲುವ ಬದಲು ಹೀಗೆ ಮಾಡಿ. ಒಪ್ಪಿದ ಬಾಕಿಯನ್ನು ಈಗಲೇ ಕೊಡುತ್ತೇನೆ ಎಂದು ಕಂಪನಿಯ ನಂಬರಿಗೆ ಸಂದೇಶ ಕಳಿಸಿ. ಕೇಳದಿದ್ದರೆ ಹೆಚ್ಚುವರಿಯನ್ನು ನಗದಾಗಿ ಕೊಡದೆ ಯುಪಿಐ ಮೂಲಕ ಕೊಡಿ. ಕೊಡುವ ಮೊದಲು 'ಸಾಮಾನು ತಡೆದಿರುವುದರಿಂದ ತಕರಾರಿನೊಂದಿಗೆ ಪಾವತಿಸುತ್ತಿದ್ದೇನೆ, ಹಿಂದಿರುಗಿಸಲು ಕೇಳುವ ಹಕ್ಕು ಉಳಿಸಿಕೊಂಡಿದ್ದೇನೆ' ಎಂದು ಬರೆದು ಕಳಿಸಿ. ಲಾರಿಯ ನಂಬರು, ನಿಂತ ಜಾಗ, ದಾರಿಯ ಫೋಟೊ ತೆಗೆದಿಡಿ. ಸಾಮಾನು ಸಮೇತ ಲಾರಿಯೇ ಕಣ್ಮರೆಯಾದರೆ ಅದು ಪೊಲೀಸರ ವಿಷಯ. ಒಪ್ಪಿಸಿದ ಸರಕನ್ನು ಸಾಗಣೆದಾರ ದುರುಪಯೋಗ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 316(3)ರಡಿ ಏಳು ವರ್ಷದವರೆಗೆ ಶಿಕ್ಷೆಯಿದೆ. ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದರೂ ಹತ್ತಿರದ ಠಾಣೆಯಲ್ಲಿ ದೂರು ಕೊಡಬಹುದು. ಬರೀ ದರದ ಜಗಳವನ್ನು ಮಾತ್ರ ಠಾಣೆಗೆ ಒಯ್ಯಬೇಡಿ, 'ಸಿವಿಲ್ ವ್ಯಾಜ್ಯ' ಎಂದು ಹಿಂದೆ ಕಳಿಸುತ್ತಾರೆ.

ಇನ್ನೊಂದು ಬದಿಯನ್ನೂ ಹೇಳಬೇಕು. ದಾರಿ ಚೆನ್ನಾಗಿದೆ ಎಂದು ನೀವೇ ನಂಬಿಸಿ ಕರೆಸಿದ್ದರೆ, ಕೊನೆಗೆ ನಾಲ್ಕು ಜನ ಬೀರು ಹೊತ್ತು ಗದ್ದೆಯಂಚಿನಲ್ಲಿ ನಡೆದಿದ್ದರೆ, ಆ ದುಡಿಮೆಗೆ ನ್ಯಾಯವಾದ ಕೂಲಿ ಸಲ್ಲಲೇಬೇಕು. ಪುಕ್ಕಟೆಯಲ್ಲದ ಕೆಲಸದ ಲಾಭ ಪಡೆದವನು ಪರಿಹಾರ ಕೊಡಬೇಕೆಂದು ಅದೇ ಕಾಯ್ದೆಯ ಕಲಂ 70 ಹೇಳುತ್ತದೆ. ಹೊರುವವನ ಬೆನ್ನಿನ ಖರ್ಚಿನಲ್ಲಿ ಗ್ರಾಹಕ ಹಕ್ಕು ಚಲಾಯಿಸುವುದು ಮರ್ಯಾದೆಯೂ ಅಲ್ಲ. ಗಡಿಯಾಚೆ ಕಾಸರಗೋಡಿನ ಕನ್ನಡಿಗರಿಗೆ ಒಂದು ಮಾತು: ಕೆಲಸ ಮಾಡದೆ ನೋಡುತ್ತ ನಿಂತದ್ದಕ್ಕೆ ಕೇಳುವ 'ನೋಕ್ಕುಕೂಲಿ'ಯನ್ನು ಕೇರಳ ಸರ್ಕಾರ 2018ರ ಮೇ 1ರಿಂದ ನಿಷೇಧಿಸಿದೆ.

ದಾರಿಯೇ ಪಕ್ಕದವರ ಜಮೀನಿನಲ್ಲಿದ್ದರೆ ವಿಷಯ ಸೂಕ್ಷ್ಮ. ಇಪ್ಪತ್ತು ವರ್ಷ ಅಡ್ಡಿಯಿಲ್ಲದೆ, ಹಕ್ಕಿನಿಂದ ಬಳಸಿದ ದಾರಿಗೆ 1882ರ ಅನುಭೋಗದ ಹಕ್ಕುಗಳ ಕಾಯ್ದೆಯ ಕಲಂ 15 ರಕ್ಷಣೆ ಕೊಡುತ್ತದೆ. ಆದರೆ ಒಂದು ಬಗೆಯ ದಾರಿಹಕ್ಕಿನಲ್ಲಿ ಇನ್ನೊಂದು ಬಗೆಯದು ಸೇರಿರುವುದಿಲ್ಲ ಎನ್ನುತ್ತದೆ ಕಲಂ 28. ಅಜ್ಜನ ಕಾಲದಿಂದ ನಡೆದು ಬಂದ ಕಾಲುದಾರಿ ಎಂಬ ಕಾರಣಕ್ಕೆ ಅಲ್ಲಿ ಲಾರಿ ನುಗ್ಗಿಸಲು ಬಾರದು. ಪಕ್ಕದವರ ಬಳಿ ಹಿಂದಿನ ದಿನವೇ ಹೋಗಿ ಕೇಳುವುದು ಹಳ್ಳಿಯ ಪದ್ಧತಿಯೂ ಹೌದು, ಕಾನೂನಿನ ಪ್ರಕಾರವೂ ಸರಿ. ಅವರು ಕೊಡುವ ಅನುಮತಿ ಆ ದಿನದ ಮಟ್ಟಿನದು, ಹಕ್ಕಲ್ಲ. ಮೋರಿ ಕುಸಿದರೆ, ಬೇಲಿ ಮುರಿದರೆ ಚಾಲಕನ ನಿರ್ಲಕ್ಷ್ಯಕ್ಕೆ ಲಾರಿಯ ಮಾಲೀಕ ಹೊಣೆ. ಮೊದಲೇ ಫೋಟೊ ಇದ್ದರೆ ಮಾತು ಬೇಗ ಮುಗಿಯುತ್ತದೆ.

ಅದೇ ಗ್ರಾಮ ನಕಾಶೆ ಕಂಡ ದಾರಿ ಅಥವಾ ಸಾರ್ವಜನಿಕ ಬಳಕೆಗೆ ಬಿಟ್ಟ 'ಬಿ' ಖರಾಬಿನ ದಾರಿಯಾಗಿದ್ದರೆ ಯಾರ ಅಪ್ಪಣೆಯೂ ಬೇಕಿಲ್ಲ. ಸಾರ್ವಜನಿಕ ರಸ್ತೆ, ಓಣಿ, ಕಾಲುದಾರಿಗಳು ಸರ್ಕಾರದ ಸ್ವತ್ತೆಂದು ಕರ್ನಾಟಕ ಭೂಕಂದಾಯ ಕಾಯ್ದೆ, 1964ರ ಕಲಂ 67 ಹೇಳುತ್ತದೆ. ಅಲ್ಲಿ ಯಾರಾದರೂ ಬೇಲಿ ಹಾಕಿದ್ದರೆ ತಹಶೀಲ್ದಾರರಿಗೆ ಗ್ರಾಮ ನಕಾಶೆಯ ಪ್ರತಿಯೊಂದಿಗೆ ಅರ್ಜಿ ಕೊಡಿ. ಸಾರ್ವಜನಿಕ ದಾರಿಯ ಅಡ್ಡಿ ತೆಗೆಸುವ ಅಧಿಕಾರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 152ರಡಿ ಕಾರ್ಯನಿರ್ವಾಹಕ ದಂಡಾಧಿಕಾರಿಗಳಿಗೂ ಇದೆ. ಆದರೆ ಇದು ವಾರಗಳ ಕೆಲಸ. ಲಾರಿ ಬಂದು ನಿಂತ ಮೇಲೆ ಬೇಲಿ ಕೀಳಲು ಹೊರಟರೆ ಎರಡು ಮೊಕದ್ದಮೆ ಗ್ಯಾರಂಟಿ.

ಘಟ್ಟದ ದಾರಿಗಳಿಗೆ ಮಳೆಗಾಲದ ಲೆಕ್ಕ ಬೇರೆ. ಕೊಡಗು, ಚಾರ್ಮಾಡಿ, ಶಿರಾಡಿ, ಆಗುಂಬೆ ಕಡೆಗಳಲ್ಲಿ ಭಾರೀ ವಾಹನಗಳಿಗೆ ಜಿಲ್ಲಾಧಿಕಾರಿಗಳು ನಿರ್ಬಂಧ ಹಾಕುವುದುಂಟು. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಸಂಚಾರವೇ ನಿಂತಿದೆ. ದೈವಿಕ ಆಪತ್ತು, ಗಲಭೆ, ಸರ್ಕಾರದ ಆದೇಶ ಇತ್ಯಾದಿಗಳಿಂದಾದ ನಷ್ಟಕ್ಕೆ ಸಾಗಣೆದಾರನಿಗೆ 2007ರ ಕಾಯ್ದೆಯ ಕಲಂ 17 ವಿನಾಯಿತಿ ಕೊಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತಪ್ಪಿಸಿ ದಿನ ಗೊತ್ತುಮಾಡುವುದು ಒಳಿತು. ಸಾಮಾನಿನ ಜೊತೆ ಹೋಗುವುದಾದರೆ ಚಾಲಕನ ಪಕ್ಕದಲ್ಲಿ ಸರಕಿನ ಮಾಲೀಕ ಅಥವಾ ಆತನ ಪ್ರತಿನಿಧಿ ಮಾತ್ರ ಕೂರಲಿ. ವಿಮೆಯ ರಕ್ಷಣೆ ಅವರಿಗಿದೆ. ಹಿಂದೆ ಮಂಚದ ಮೇಲೆ ಕೂತು ಬರುವ ನೆಂಟರಿಗೆ ಇಲ್ಲ.

ಒಡೆದದ್ದಕ್ಕೆ ಪರಿಹಾರ ಬೇಕಿದ್ದರೆ ಬಿಲ್ಟಿ, ಅಂದರೆ ಸರಕಿನ ರಸೀದಿ, ಕೈಯಲ್ಲಿರಬೇಕು. ಅದರ ಮೂಲಪ್ರತಿ ಸಾಮಾನು ಕಳಿಸುವವರಿಗೆ ಸಿಗಬೇಕೆಂಬುದು ಕಾಯ್ದೆ. ಸಾಮಾನಿನ ಪಟ್ಟಿ, ಒಂದೊಂದರ ನಿಜವಾದ ಬೆಲೆ ಅದರಲ್ಲಿರಲಿ. ಸಾಗಣೆದಾರನ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ, ಅದೂ ನೀವು ಬರೆಸಿದ ಬೆಲೆ ಮೀರದಂತೆ. ಬಾಡಿಗೆ 25,000 ಆದರೆ ಗರಿಷ್ಠ ಎರಡೂವರೆ ಲಕ್ಷ. ಹೆಚ್ಚಿನ ದರ ಕೊಟ್ಟು ಹೆಚ್ಚಿನ ಹೊಣೆ ಹೊರಿಸಲೂ ಅವಕಾಶವಿದೆ. 'ಮಾಲೀಕರ ಹೊಣೆಯಲ್ಲಿ' ಎಂದು ಬಿಲ್ಟಿಯ ಮೇಲೆ ಅಚ್ಚಾಗಿದೆ ಎಂಬ ಕಾರಣಕ್ಕೆ ನಿರ್ಲಕ್ಷ್ಯದ ಹೊಣೆ ತಪ್ಪುವುದಿಲ್ಲವೆಂದು ಸುಪ್ರೀಂ ಕೋರ್ಟ್ 2000ದ ನಾಥ್ ಬ್ರದರ್ಸ್ ಪ್ರಕರಣದಲ್ಲಿ ಹೇಳಿದೆ. ಅದೇ ವರ್ಷದ ಪಟೇಲ್ ರೋಡ್‌ವೇಸ್ ತೀರ್ಪಿನ ಪ್ರಕಾರ ಗ್ರಾಹಕ ವೇದಿಕೆಯಲ್ಲೂ ನಿರ್ಲಕ್ಷ್ಯವನ್ನು ನೀವು ಸಾಬೀತು ಮಾಡಬೇಕಿಲ್ಲ, ತಾನು ಎಚ್ಚರದಿಂದಿದ್ದೆ ಎಂದು ತೋರಿಸುವ ಭಾರ ಸಾಗಣೆದಾರನದೇ. ವಿಮೆಯ ಹೆಸರಿನಲ್ಲಿ ಶೇಕಡಾ ಇಷ್ಟು ಎಂದು ವಸೂಲು ಮಾಡಿದ್ದರೆ ವಿಮಾ ಕಂಪನಿಯ ಪಾಲಿಸಿ ನಿಮ್ಮ ಹೆಸರಿನಲ್ಲಿ ಬಂದಿದೆಯೇ ನೋಡಿ. ಪಾಲಿಸಿ ಇಲ್ಲದ ವಿಮೆ ಬರಿಯ ಬಾಯಿಮಾತು. ಒಡವೆ, ನಗದು, ಆಸ್ತಿಪತ್ರ ಲಾರಿಗೆ ಹತ್ತಿಸಲೇಬೇಡಿ.

ಇಳಿಸಿಕೊಳ್ಳುವಾಗ 'ಎಲ್ಲ ಸರಿಯಾಗಿ ಸಿಕ್ಕಿದೆ' ಎಂಬ ಹಾಳೆಗೆ ಕಣ್ಣುಮುಚ್ಚಿ ಸಹಿ ಹಾಕಬೇಡಿ. ಒಡೆದದ್ದು, ಕಾಣದ್ದು ಅಲ್ಲೇ ಬರೆದು ಸಹಿ ಮಾಡಿ. ಬುಕ್ಕಿಂಗ್ ದಿನದಿಂದ 180 ದಿನದೊಳಗೆ ನಷ್ಟದ ಲಿಖಿತ ನೋಟಿಸ್ ಕಂಪನಿಗೆ ತಲುಪಿರಬೇಕೆಂದು 2007ರ ಕಾಯ್ದೆಯ ಕಲಂ 16 ವಿಧಿಸುತ್ತದೆ. ಸಾಮಾನು ತಲುಪಿದ ದಿನದಿಂದಲ್ಲ, ಬುಕ್ ಮಾಡಿದ ದಿನದಿಂದ. ಎಷ್ಟೋ ನ್ಯಾಯವಾದ ದೂರುಗಳು ಇಲ್ಲಿ ಎಡವುತ್ತವೆ. ವಕೀಲರ ಇಂಗ್ಲಿಷ್ ಬೇಕಿಲ್ಲ, ಕನ್ನಡದಲ್ಲೇ ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ.

ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಕೆಲವು ಕಂಪನಿಗಳು ಅಷ್ಟಕ್ಕೇ ದಾರಿಗೆ ಬರುತ್ತವೆ. ಬಾರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಡಿ ಜಿಲ್ಲಾ ಆಯೋಗ. ಕಂಪನಿ ಬೆಂಗಳೂರಿನದೋ ದಿಲ್ಲಿಯದೋ ಆಗಿರಲಿ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹೂಡಲು ಕಲಂ 34 ಅವಕಾಶ ಕೊಡುತ್ತದೆ: ಶಿರಸಿಯವರಿಗೆ ಕಾರವಾರ, ವಿರಾಜಪೇಟೆಯವರಿಗೆ ಮಡಿಕೇರಿ. ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೂ ಸಲ್ಲಿಸಬಹುದು. ಕಾರಣ ಹುಟ್ಟಿದ ಎರಡು ವರ್ಷದೊಳಗೆ ಸಲ್ಲಿಸಬೇಕು. ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು ಆದಾಯ ಎಷ್ಟೇ ಇದ್ದರೂ ತಾಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ನೆರವು ಪಡೆಯಬಹುದು, ಸಹಾಯವಾಣಿ 15100. ಸೇವೆಗೆ ಕೊಟ್ಟ ಹಣ ಐದು ಲಕ್ಷ ಮೀರದಿದ್ದರೆ ಜಿಲ್ಲಾ ಆಯೋಗದಲ್ಲಿ ದೂರಿಗೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳುವುದು ಕಡ್ಡಾಯವೂ ಅಲ್ಲ.