ಜಗಳವಾಯಿತೆಂದು ಪುಸ್ತಕ ಮುಚ್ಚಬೇಡಿ

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ನಮ್ಮ ಬಡಾವಣೆಯ ಹೆಂಗಸರು ಸೇರಿ ಒಂದು ಓದುಗರ ಬಳಗ ಕಟ್ಟಿಕೊಂಡಿದ್ದೇವೆ. ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತೇವೆ. ಪುಸ್ತಕ ಆರಿಸುವ ಹೊಣೆ ನನ್ನದು. ಐತಿಹಾಸಿಕ ಕಾದಂಬರಿಗಳೆಂದರೆ ನನಗೆ ಪ್ರಾಣ, ಹಾಗಾಗಿ ಅವನ್ನೇ ಹೆಚ್ಚಾಗಿ ಸೂಚಿಸುತ್ತೇನೆ. ಈಚೆಗೆ ಒಂದು ಚರ್ಚೆಯಲ್ಲಿ ಒಬ್ಬರು, “ಇದರಲ್ಲಿ ನಮ್ಮವರನ್ನು ಕೀಳಾಗಿ ತೋರಿಸಿದ್ದಾರೆ” ಎಂದರು. ಇನ್ನೊಬ್ಬರು, “ನಡೆದದ್ದನ್ನೇ ಬರೆದಿದ್ದಾರೆ” ಎಂದರು. ಮಾತಿಗೆ ಮಾತು ಬೆಳೆದು ಮೊದಲಿನವರು ಎದ್ದು ಹೋದರು, ಆಮೇಲೆ ಬಂದಿಲ್ಲ. ಅದೇ ದಿನ, ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು, “ಟೀಚರ್, ಎಲ್ಲಾ ಪುಸ್ತಕದಲ್ಲೂ ರಾಜ, ರಾಣಿ, ದಳವಾಯಿಗಳೇ. ನಮ್ಮಂಥವರು ಆಗ ಇರಲಿಲ್ವಾ?” ಎಂದು ಕೇಳಿದಳು. ನನಗೆ ರಾತ್ರಿಯೆಲ್ಲಾ ನಿದ್ದೆ ಬರಲಿಲ್ಲ. ಇನ್ನು ಮೇಲೆ ಇತಿಹಾಸದ ಗೊಡವೆಯೇ ಬೇಡ, ನಗೆಬರಹ, ಪ್ರವಾಸ ಕಥನ ಓದೋಣ ಎಂದುಬಿಡಲೇ?
– ಹೆಸರು ಬೇಡ, ತುಮಕೂರು

ಉತ್ತರ: ಬೇಡ, ಹಾಗೆ ಮಾಡಬೇಡಿ. ಓದಿದ ಪುಸ್ತಕದ ಬಗ್ಗೆ ಇಷ್ಟು ಕಾವಿನಿಂದ ಮಾತಾಡುವ ಹೆಂಗಸರು ನಿಮ್ಮ ಬಳಗದಲ್ಲಿ ಇದ್ದಾರೆ ಎಂಬುದೇ ದೊಡ್ಡ ವಿಷಯ. ಓದದವರು ಜಗಳವಾಡುವುದಿಲ್ಲ. ಆದರೆ ನಿಮ್ಮ ಮುಂದಿರುವ ತೊಂದರೆ ಎರಡು. ಒಬ್ಬರಿಗೆ ಪುಸ್ತಕದಿಂದ ನೋವಾಗಿದೆ. ಇನ್ನೊಬ್ಬಳಿಗೆ ಪುಸ್ತಕದಲ್ಲಿ ತನ್ನವರು ಕಾಣುತ್ತಿಲ್ಲ. ಎರಡನ್ನೂ ಒಂದೇ ಗಂಟು ಮಾಡಿಕೊಂಡಿದ್ದರಿಂದಲೇ ನಿಮಗೆ ಭಾರವಾಗಿದೆ.

ಮೊದಲನೆಯದನ್ನು ನೋಡೋಣ. “ನಡೆದದ್ದನ್ನೇ ಬರೆದಿದ್ದಾರೆ” ಎಂಬ ಮಾತನ್ನು ಯಾವ ಐತಿಹಾಸಿಕ ಕಾದಂಬರಿಯ ಬಗ್ಗೆಯೂ ಪೂರ್ತಿಯಾಗಿ ಹೇಳಲಾಗದು. ನಿಮಗೆ ಪ್ರಿಯವಾಗಿರಬಹುದಾದ ಹೊಯ್ಸಳ ರಾಣಿ ಶಾಂತಲೆಯನ್ನೇ ತೆಗೆದುಕೊಳ್ಳಿ. ಅವಳು 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು ಎಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ತಾಯಿ ಮಾಚಿಕಬ್ಬೆ ಆ ದುಃಖ ತಾಳಲಾರದೆ ಬೆಳಗೊಳಕ್ಕೆ ಬಂದು ಸಲ್ಲೇಖನ ಎಂಬ ಉಪವಾಸ ವ್ರತದಿಂದ ದೇಹ ಬಿಟ್ಟಳು ಎಂದೂ ಹೇಳುತ್ತದೆ. ಮಗಳು ಹೋದ ಸುದ್ದಿ ತಾಯಿಯ ಕಿವಿಗೆ ಹೇಗೆ ಬಿತ್ತು, ಅವಳು ಏನು ಮಾತಾಡಿದಳು ಎಂಬುದು ಕಲ್ಲಿನ ಮೇಲಿಲ್ಲ. ಅದನ್ನು ಕಾದಂಬರಿಕಾರರೇ ಕಟ್ಟಬೇಕು. ಕೆ.ವಿ. ಅಯ್ಯರ್ ‘ಶಾಂತಲಾ’ದಲ್ಲಿ ಒಂದು ರೀತಿ ಕಟ್ಟಿದರು. ಸಿ.ಕೆ. ನಾಗರಾಜರಾವ್ ‘ಪಟ್ಟಮಹಾದೇವಿ ಶಾಂತಲದೇವಿ’ಯಲ್ಲಿ ಬೇರೆಯೇ ರೀತಿ ಕಟ್ಟಿದರು. ಶಾಸನ ಒಂದೇ, ಶಾಂತಲೆಯರು ಇಬ್ಬರು.

ಶಾಂತಲೆಯ ಮನೆಯನ್ನು ಇನ್ನೊಂದು ಕಾರಣಕ್ಕೂ ನೆನೆಯಬೇಕು. ಶಾಂತಲೆಯ ತಂದೆ ಮಾರಸಿಂಗಯ್ಯ ಶೈವ, ತಾಯಿ ಜೈನ ಮತದವಳು. ಶಾಂತಲೆ ಜಿನಭಕ್ತೆ. ಗಂಡ ವಿಷ್ಣುವರ್ಧನ ಬೇಲೂರಿನ ಚೆನ್ನಕೇಶವ ದೇವಾಲಯ ಕಟ್ಟಿಸಿದವನು. ಇಂಥ ಮನೆಯ ಕಥೆ ಓದುವಾಗ “ನಮ್ಮವರು”, “ನಿಮ್ಮವರು” ಎಂದು ಗೆರೆ ಎಳೆಯುವುದು ಕಷ್ಟ.

ಆದ್ದರಿಂದ ನನ್ನ ಮೊದಲ ಸಲಹೆ: ಒಂದು ಕಾಲದ ಬಗ್ಗೆ ಒಂದೇ ಪುಸ್ತಕ ಕೊಡಬೇಡಿ, ಎರಡು ಕೊಡಿ. ಒಂದೇ ಪುಸ್ತಕ ಇದ್ದಾಗ ಅದನ್ನು ಒಪ್ಪಬೇಕು ಇಲ್ಲವೇ ತಳ್ಳಬೇಕು ಎಂಬ ಹಟ ಹುಟ್ಟುತ್ತದೆ. ಎರಡು ಇದ್ದಾಗ ಮಾತು “ಇವರು ಯಾಕೆ ಹೀಗೆ ಬರೆದರು, ಅವರು ಯಾಕೆ ಹಾಗೆ ಬರೆದರು” ಎಂಬ ಕಡೆಗೆ ಹೊರಳುತ್ತದೆ.

ಕೊಡಗಿನ ಕಥೆ ಇದಕ್ಕೆ ಹೇಳಿ ಮಾಡಿಸಿದ್ದು. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ 1834ರಲ್ಲಿ ಬ್ರಿಟಿಷರು ಪದಚ್ಯುತಗೊಳಿಸಿದ ಕೊನೆಯ ಅರಸನ ಕಥೆ. ಅರಮನೆ ಒಳಗಿನಿಂದಲೇ ಹೇಗೆ ಕೊಳೆಯಿತು, ಒಳ್ಳೆಯವರಾದ ಮಂತ್ರಿಗಳೂ ರಾಣಿ ಗೌರಮ್ಮನೂ ಅದನ್ನು ತಡೆಯಲಾಗದೆ ಹೇಗೆ ನೊಂದರು ಎಂಬುದನ್ನು ಮಾಸ್ತಿ ತಣ್ಣಗೆ ಹೇಳುತ್ತಾ ಹೋಗುತ್ತಾರೆ. ಅರಸ ಹೋದ ಮೂರೇ ವರ್ಷಕ್ಕೆ, 1837ರಲ್ಲಿ, ಕೊಡಗು, ಸುಳ್ಯ ಕಡೆಯ ರೈತರು ಕಂಪನಿ ಸರ್ಕಾರದ ವಿರುದ್ಧ ದಂಗೆ ಎದ್ದು ಮಂಗಳೂರಿನವರೆಗೂ ನಡೆದರು. ಆ ಹೋರಾಟವನ್ನು ನಿರಂಜನ ‘ಸ್ವಾಮಿ ಅಪರಂಪಾರ’ ಮತ್ತು ‘ಕಲ್ಯಾಣಸ್ವಾಮಿ’ ಕಾದಂಬರಿಗಳಲ್ಲಿ ಬರೆದಿದ್ದಾರೆ. ಮಾಸ್ತಿಯವರದು ಓದಿದ ಮೇಲೆ ನಿರಂಜನರದು ಓದಿಸಿ. ಅರಮನೆಯ ಒಳಗೆ ನಿಂತು ನೋಡಿದ ನೆಲವನ್ನೇ ಹೊರಗೆ ನಿಂತು ನೋಡಿದಾಗ ಬಳಗದವರೇ ತಾವಾಗಿ ಹೊಸ ಪ್ರಶ್ನೆ ಕೇಳುತ್ತಾರೆ.

ಈಗ ಆ ಹುಡುಗಿಯ ಪ್ರಶ್ನೆ. ಅವಳು ಕೇಳಿದ್ದು ನೂರಕ್ಕೆ ನೂರು ಸರಿ. ನಿಮ್ಮ ಪಟ್ಟಿಯಲ್ಲಿ ಕೋಟೆ ಕೊತ್ತಲಗಳು ಹೆಚ್ಚಾಗಿವೆ. ತ.ರಾ.ಸು. ಅವರ ‘ದುರ್ಗಾಸ್ತಮಾನ’ದಂಥ ಕೃತಿಯನ್ನು ಬಿಡಿ ಎಂದು ನಾನು ಹೇಳಲಾರೆ, ಅದು ಕನ್ನಡದ ಹೆಮ್ಮೆ. ಆದರೆ ಅದರ ಪಕ್ಕದಲ್ಲಿ ದುಡಿಯುವವರ ಚರಿತ್ರೆಗೂ ಜಾಗ ಇರಲಿ.

ಅವಳ ಕೈಗೆ ನಿರಂಜನರ ‘ಚಿರಸ್ಮರಣೆ’ ಕೊಡಿ. 1941ರಲ್ಲಿ ಕಯ್ಯೂರಿನ ರೈತರು ಜಮೀನ್ದಾರಿಯ ವಿರುದ್ಧ ಎದ್ದರು. ಅವರಲ್ಲಿ ನಾಲ್ವರನ್ನು 1943ರಲ್ಲಿ ಕಣ್ಣೂರಿನ ಜೈಲಿನಲ್ಲಿ ಗಲ್ಲಿಗೇರಿಸಿದರು. ಆ ಕಾದಂಬರಿಯಲ್ಲಿ ಕಿರೀಟ ಇಟ್ಟವರು ಯಾರೂ ಇಲ್ಲ. ಆಮೇಲೆ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಕೊಡಿ. ಎಳೆವಯಸ್ಸಿನಲ್ಲೇ ವಿಧವೆಯಾಗಿ, ತಲೆ ಬೋಳಿಸಿಕೊಂಡು, ನೂರು ವರ್ಷ ಮೀರಿ ಬಾಳಿದ ಒಬ್ಬ ಹೆಣ್ಣುಮಗಳ ಕಥೆ ಅದು. ಜನ್ಮವಿಡೀ ಮಡಿಯಲ್ಲಿದ್ದ ಫಣಿಯಮ್ಮ ಒಬ್ಬ ದಲಿತ ಹೆಂಗಸಿನ ಹೆರಿಗೆ ಕಷ್ಟವಾದಾಗ ಮಡಿ ಬದಿಗಿಟ್ಟು ನೆರವಿಗೆ ಹೋಗುವ ಪ್ರಸಂಗವನ್ನು ನಿಮ್ಮ ಬಳಗದಲ್ಲಿ ಗಟ್ಟಿಯಾಗಿ ಓದಿಸಿ. ಒಂದು ಯುದ್ಧದ ವರ್ಣನೆಗಿಂತ ಹೆಚ್ಚಿನ ಇತಿಹಾಸ ಅಲ್ಲಿದೆ.

ಉಳಿದವರಿಗೂ ಅವರವರ ಮನೆಯ ಹಿನ್ನೆಲೆ, ಅಭಿರುಚಿ ನೋಡಿ ಕೊಡಿ. ಉತ್ತರ ಕರ್ನಾಟಕದಿಂದ ಬಂದು ನೆಲೆಸಿದವರಿದ್ದರೆ ಶ್ರೀನಿವಾಸ ವೈದ್ಯರ ‘ಹಳ್ಳ ಬಂತು ಹಳ್ಳ’ ಕೊಡಿ. ನವಲಗುಂದದ ಒಂದು ಮನೆತನದ ತಲೆಮಾರುಗಳು ಆ ಸೀಮೆಯ ಮಾತಿನಲ್ಲೇ ಅಲ್ಲಿ ಬದುಕುತ್ತವೆ. ದೇಶ ವಿಭಜನೆಯ ಗಾಯ ಒಬ್ಬ ಸಾಮಾನ್ಯ ಮುಸ್ಲಿಮನ ಬದುಕನ್ನು ಹೇಗೆ ತಟ್ಟಿತು ಎಂದು ತಿಳಿಯಬೇಕಾದವರಿಗೆ ಬೊಳುವಾರು ಮಹಮದ್ ಕುಂಞಿ ಅವರ ‘ಸ್ವಾತಂತ್ರ್ಯದ ಓಟ’ ಇದೆ. ನಾಜಿಗಳ ಹಿಂಸೆಯಿಂದ ಪಾರಾಗಿ ಬೆಂಗಳೂರಿಗೆ ಬಂದು ಬೆಳೆದ ಯಹೂದಿ ಹುಡುಗಿಯ ಕಥೆಯನ್ನು ನೇಮಿಚಂದ್ರ ‘ಯಾದ್ ವಶೇಮ್’ನಲ್ಲಿ ಹೇಳಿದ್ದಾರೆ. ಮನೆಯ ಮಕ್ಕಳು ಇಂಗ್ಲಿಷ್ ಪುಸ್ತಕ ಬಿಟ್ಟು ಬೇರೆ ಮುಟ್ಟುವುದಿಲ್ಲ ಎನ್ನುವ ತಾಯಂದಿರು ವಸುಧೇಂದ್ರರ ‘ತೇಜೋ–ತುಂಗಭದ್ರಾ’ವನ್ನು ಮೇಜಿನ ಮೇಲೆ ಇಟ್ಟು ನೋಡಲಿ. ಲಿಸ್ಬನ್ನಿನಿಂದ ಗೋವಾ, ವಿಜಯನಗರದವರೆಗೆ ಹರಡಿದ ಕಥೆ ಅದು.

ಚರ್ಚೆ ನಡೆಸುವ ಬಗ್ಗೆ ಮೂರು ಮಾತು. ಒಂದು, ಪಾತ್ರದ ಬಗ್ಗೆ ತಕರಾರು ಇದ್ದವರು ಪುಸ್ತಕ ತೆರೆದು ಆ ಪುಟವನ್ನು ಓದಿ ಮಾತಾಡಲಿ. ಕೇಳಿದ್ದು, ವಾಟ್ಸ್ಆ್ಯಪ್‌ನಲ್ಲಿ ಬಂದದ್ದು ಅಲ್ಲಿ ಬೇಡ. ಎರಡು, ಕಾದಂಬರಿಯ ಮುನ್ನುಡಿಯನ್ನು ತಪ್ಪದೆ ಓದಿಸಿ. ಯಾವುದಕ್ಕೆ ಆಧಾರವಿದೆ, ಯಾವುದು ಕಲ್ಪನೆ ಎಂದು ಎಷ್ಟೋ ಲೇಖಕರು ಅಲ್ಲೇ ಹೇಳಿರುತ್ತಾರೆ. ಮೂರು, ದಪ್ಪ ಪುಸ್ತಕಕ್ಕೆ ಎರಡು ತಿಂಗಳು ಕೊಡಿ. ದಿನವಿಡೀ ದುಡಿದು ಬರುವ ಹುಡುಗಿಗೂ ಮೊಮ್ಮಕ್ಕಳನ್ನು ನೋಡಿಕೊಳ್ಳುವ ಅಜ್ಜಿಗೂ ಬಿಡುವು ಒಂದೇ ರೀತಿ ಇರುವುದಿಲ್ಲ. ಅರ್ಧ ಓದಿ ಬಂದವರೇ ಹೆಚ್ಚು ಸಿಟ್ಟಾಗುತ್ತಾರೆ.

ಇನ್ನು ಎದ್ದು ಹೋದವರ ವಿಷಯ. ಅವರಿಗೆ ಮೆಸೇಜ್ ಹಾಕಬೇಡಿ, ಮನೆಗೇ ಹೋಗಿ. ಅವರ ತಪ್ಪು ಎಂದಾಗಲಿ, ಪುಸ್ತಕದ ತಪ್ಪು ಎಂದಾಗಲಿ ವಾದ ಹೂಡದೆ, ಯಾವ ಪುಟ ಅವರನ್ನು ನೋಯಿಸಿತು ಎಂದು ಕೇಳಿ, ಕೂತು ಆಲಿಸಿ. ಅವರ ನೋವಿಗೆ ಕಾರಣ ಇರಬಹುದು. ಒಂದು ಸಮುದಾಯವನ್ನು ಇಡಿಯಾಗಿ ಕೆಟ್ಟದ್ದೆಂದು ಬರೆದ ಕಾದಂಬರಿಗಳೂ ನಮ್ಮಲ್ಲಿವೆ, ಅವನ್ನು ಒಳ್ಳೆಯ ಸಾಹಿತ್ಯವೆಂದು ಸಮರ್ಥಿಸುವ ಹೊಣೆ ನಿಮ್ಮ ಮೇಲಿಲ್ಲ. ಕೊನೆಗೆ ಹೇಳಿ: “ಮುಂದಿನ ಪುಸ್ತಕ ನೀವೇ ಆರಿಸಿ.” ಅದರ ನಂತರದ ಸರದಿ ಆ ಹುಡುಗಿಗೆ ಕೊಡಿ.

ನಲವತ್ತು ಮಕ್ಕಳ ತರಗತಿ ನಡೆಸಿದವರು ನೀವು. ಆರಿಸುವ ಹಕ್ಕನ್ನು ಎಲ್ಲರಿಗೂ ಹಂಚಿ, ನಿಮ್ಮ ಸರದಿ ಬಂದಾಗ ನಿಮ್ಮ ಇಷ್ಟದ ಐತಿಹಾಸಿಕ ಕಾದಂಬರಿಯನ್ನು ಧೈರ್ಯವಾಗಿ ಸೂಚಿಸಿ. ಬಳಗ ಉಳಿಯುತ್ತದೆ, ಓದೂ ಬೆಳೆಯುತ್ತದೆ.